ದಾರಿ ಹಿಡಿಸುವುದು ಹಿಂದಿನ ಚಕ್ರ: ಹಳೆಯ ಮಿನಿ ಕಾರೊಂದರ ಹಿಂಬದಿ ಅಲೈನ್‌ಮೆಂಟ್ ತಿದ್ದಿದ ಪ್ರಕರಣ

ಕಾರು 1970ರ ದಶಕದ ಮಿನಿ. 10 ಇಂಚಿನ ಚಕ್ರಗಳು, ರಬ್ಬರ್ ಕೋನ್ ಸಸ್ಪೆನ್ಷನ್, ಚೆನ್ನಾಗಿ ಓಡುವ ಎಂಜಿನ್. ಹಿಂದಿನ ಸಬ್‌ಫ್ರೇಮ್, ಅಂದರೆ ಹಿಂದಿನ ಚಕ್ರಗಳನ್ನು ಹಿಡಿದು ಬಾಡಿಗೆ ಕೂರುವ ಚೌಕಟ್ಟು, ಹಿಂದೆ ಯಾವಾಗಲೋ ತುಕ್ಕು ಹಿಡಿದು ಬದಲಾಗಿತ್ತು. ಈಗ ಇರುವುದು ಹೊರಗಿನ ತಯಾರಕರ ಫ್ರೇಮ್.

ಮಾಲೀಕರ ದೂರು ಮೂರು. ಹಿಂದಿನ ಎಡ ಟೈರಿನ ಒಳ ಅಂಚು ಬೇಗ ಸವೆಯುತ್ತಿತ್ತು. ನೇರ ರಸ್ತೆಯಲ್ಲಿ ಸ್ಟೇರಿಂಗ್ ಅನ್ನು ಸ್ವಲ್ಪ ಎಡಕ್ಕೆ ಹಿಡಿದರೆ ಮಾತ್ರ ಕಾರು ನೇರ ಹೋಗುತ್ತಿತ್ತು. ಮೂರನೆಯದು ಅವರನ್ನು ಹೆದರಿಸಿದ್ದು: ವೇಗದಲ್ಲಿ ಬಲಕ್ಕೆ ತಿರುಗಿದಾಗ ಹಿಂಬದಿ ಹೊರಗೆ ಜಾರಿದ ಹಾಗೆ ಆಗುತ್ತಿತ್ತು. ಎಡ ತಿರುವಿನಲ್ಲಿ ಹಾಗೇನೂ ಇರಲಿಲ್ಲ.

ಮುಂದಿನ ಅಲೈನ್‌ಮೆಂಟ್ (ಚಕ್ರಗಳ ಕೋನ ಹೊಂದಿಸುವುದು) ಹಲವು ಸಲ ಆಗಿತ್ತು. ಪ್ರತಿ ಸಲವೂ ಟೈ ರಾಡ್ (ಸ್ಟೇರಿಂಗಿನಿಂದ ಮುಂದಿನ ಚಕ್ರಕ್ಕೆ ಹೋಗುವ ಸರಳು) ತಿರುಗಿಸಿ ಸ್ಟೇರಿಂಗ್ ನೇರ ಮಾಡಿ ಕಳಿಸುತ್ತಿದ್ದರು. ಕೆಲವು ವಾರ ಚೆನ್ನಾಗಿರುತ್ತಿತ್ತು, ಆಮೇಲೆ ಮತ್ತೆ ಎಡಕ್ಕೆ. "ಸಾರ್, ಮುಂದೆ ಮಾಡಿಸಿ ಮಾಡಿಸಿ ಸಾಕಾಯ್ತು. ಹಿಂದೆ ಅಡ್ಜಸ್ಟ್ ಆಗೋ ಬ್ರಾಕೆಟ್ ತಂದಿದೀನಿ, ಇದನ್ನ ಹಾಕ್ಬಿಡಿ" ಅಂತ ಒಂದು ಡಬ್ಬ ಮುಂದಿಟ್ಟರು. ಡಬ್ಬದಲ್ಲಿದ್ದ ಸಾಮಾನು ಒಳ್ಳೆಯದೇ. ಆದರೆ ಅದು ಕೊನೆಯಲ್ಲಿ ಹಾಕಬೇಕಾದ ಸಾಮಾನು. ಅದಕ್ಕೆ ಮೊದಲು ಏನೇನು ನೋಡಬೇಕು, ಯಾಕೆ ನೋಡಬೇಕು ಅನ್ನುವುದನ್ನು ಬಿಡಿಸಿ ಹೇಳಲು ಈ ಪ್ರಕರಣ ತುಂಬ ಚೆನ್ನಾಗಿ ಒದಗುತ್ತದೆ.

ಹಿಂಬದಿಯ ರಚನೆ

ಮಿನಿ ಬಂದಿದ್ದು 1959ರಲ್ಲಿ, ಅಲೆಕ್ ಇಸಿಗೋನಿಸ್ ಅವರ ವಿನ್ಯಾಸ. ಸ್ಪ್ರಿಂಗ್ ಜಾಗದಲ್ಲಿ ರಬ್ಬರ್ ಕೋನ್ ಇಟ್ಟಿದ್ದು ಅಲೆಕ್ಸ್ ಮೌಲ್ಟನ್. 1964ರಿಂದ ಕೆಲವು ವರ್ಷ ದ್ರವ ತುಂಬಿದ ಹೈಡ್ರೊಲಾಸ್ಟಿಕ್ ಸಸ್ಪೆನ್ಷನ್ ಬಂತು, ಆಮೇಲೆ ಮತ್ತೆ ರಬ್ಬರಿಗೇ ಮರಳಿದರು. 2000ದಲ್ಲಿ ಉತ್ಪಾದನೆ ನಿಲ್ಲುವವರೆಗೆ 53 ಲಕ್ಷಕ್ಕೂ ಜಾಸ್ತಿ ಕಾರುಗಳು ಹೊರಬಂದವು. ಹಾಗಾಗಿ ಇವತ್ತಿಗೂ ಬಿಡಿಭಾಗ ಸಿಗುತ್ತವೆ. ಎಲ್ಲದರ ಅಳತೆ ಒಂದೇ ಸಮ ಇರುವುದಿಲ್ಲ, ಅಷ್ಟೆ.

ಹಿಂದಿನ ಪ್ರತಿ ಚಕ್ರಕ್ಕೂ ಒಂದು ರೇಡಿಯಸ್ ಆರ್ಮ್ ಇದೆ. ಎರಕದ ಗಟ್ಟಿ ತುಂಡು. ಅದರ ಮುಂದಿನ ತುದಿ ಒಂದು ಅಡ್ಡ ಶಾಫ್ಟಿನ ಮೇಲೆ ತಿರುಗುತ್ತದೆ, ಹಿಂದಿನ ತುದಿಯಲ್ಲಿ ಚಕ್ರ. ಶಾಫ್ಟಿನ ಒಳ ತುದಿ ಸಬ್‌ಫ್ರೇಮಿನಲ್ಲಿ ಕೂರುತ್ತದೆ. ಹೊರ ತುದಿಯನ್ನು ಸಬ್‌ಫ್ರೇಮಿಗೆ ಬೋಲ್ಟ್ ಮಾಡಿದ ಒಂದು ಬ್ರಾಕೆಟ್ ಹಿಡಿದಿರುತ್ತದೆ. ಆರ್ಮ್ ಮೇಲೆ ಕೆಳಗೆ ಆಡಿದಾಗ ಟ್ರಂಪೆಟ್ ಅನ್ನುವ ಅಲ್ಯೂಮಿನಿಯಮ್ ತುಂಡು ಮುಂದೆ ಹೋಗಿ ರಬ್ಬರ್ ಕೋನನ್ನು ಒತ್ತುತ್ತದೆ.

ಇಲ್ಲಿ ಗಮನಿಸಬೇಕಾದ್ದು ಆ ಶಾಫ್ಟು. ಚಕ್ರ ಸುತ್ತುವ ಗಿಡ್ಡ ಅಚ್ಚು, ಅಂದರೆ ಸ್ಟಬ್ ಆಕ್ಸಲ್, ಈ ಶಾಫ್ಟಿಗೆ ಸಮಾನಾಂತರ. ಶಾಫ್ಟ್ ಎತ್ತ ವಾಲಿದರೆ ಚಕ್ರವೂ ಅತ್ತ ವಾಲುತ್ತದೆ. ಶಾಫ್ಟಿನ ಹೊರ ತುದಿ ಮೇಲೆ ಸರಿದರೆ ಚಕ್ರದ ತಲೆ ಒಳಗೆ ಬಾಗುತ್ತದೆ, ಅಂದರೆ ನೆಗೆಟಿವ್ ಕ್ಯಾಂಬರ್. ಕೆಳಗಿಳಿದರೆ ಪಾಸಿಟಿವ್. ಹೊರ ತುದಿ ಮುಂದೆ ಸರಿದರೆ ಚಕ್ರದ ಮುಂದಿನ ಅಂಚು ಒಳಗೆ ತಿರುಗುತ್ತದೆ, ಅಂದರೆ ಟೋ-ಇನ್. ಹಿಂದೆ ಸರಿದರೆ ಹೊರಗೆ, ಅಂದರೆ ಟೋ-ಔಟ್. ಅಡ್ಜಸ್ಟ್ ಆಗುವ ಬ್ರಾಕೆಟ್ ಮಾಡುವುದು ಇಷ್ಟೇ ಕೆಲಸ: ಆ ಹೊರ ತುದಿಯನ್ನು ಬೇಕಾದ ಕಡೆ ಸರಿಸಿ ಬಿಗಿಹಿಡಿಯುವುದು. ಕಾರ್ಖಾನೆಯ ಬ್ರಾಕೆಟಿನಲ್ಲಿ ಈ ಸೌಲಭ್ಯ ಇಲ್ಲ. ಬ್ರಾಕೆಟಿನ ಹಿಂದೆ ಶಿಮ್ ಅನ್ನುವ ತೆಳು ತಗಡು ಇಟ್ಟು ಟೋ ತಿದ್ದುವ ಪದ್ಧತಿ ಇತ್ತು. ಕ್ಯಾಂಬರ್ ತಿದ್ದಲು ಸುಲಭದ ದಾರಿ ಇರಲಿಲ್ಲ.

ಇನ್ನೊಂದು ವಿಷಯವನ್ನು ಇಲ್ಲೇ ಹೇಳಿಬಿಡಬೇಕು, ಯಾಕೆಂದರೆ ಮಾಲೀಕರಿಗೂ ಇದೇ ಅನುಮಾನ ಇತ್ತು. ಕಾರು ತಗ್ಗಿಸಿದ್ದರಿಂದ ಚಕ್ರ ವಾಲಿದೆ ಅಂತ ಹಲವರು ಹೇಳುತ್ತಾರೆ. ಬಿಎಂಡಬ್ಲ್ಯು 2002, ಟ್ರಯಂಫ್ ಟಿಆರ್6, ಡ್ಯಾಟ್ಸನ್ 510 ತರಹದ ಕಾರುಗಳಲ್ಲಿ ಅದು ನಿಜ. ಅವುಗಳಲ್ಲಿ ಇರುವುದು ಸೆಮಿ-ಟ್ರೇಲಿಂಗ್ ಆರ್ಮ್. ಆರ್ಮ್ ತಿರುಗುವ ಗೆರೆ ಓರೆಯಾಗಿದೆ. ಕಾರು ತಗ್ಗಿದಷ್ಟೂ ಚಕ್ರದ ತಲೆ ಒಳಗೆ ಬಾಗುತ್ತದೆ, ಟೋ ಕೂಡ ಬದಲಾಗುತ್ತದೆ. ಮಿನಿಯದು ಪೂರ್ತಿ ಟ್ರೇಲಿಂಗ್ ಆರ್ಮ್, ತಿರುಗುವ ಗೆರೆ ಕಾರಿಗೆ ನೇರ ಅಡ್ಡ. ಎಷ್ಟು ತಗ್ಗಿಸಿದರೂ ಕ್ಯಾಂಬರ್ ಹೆಚ್ಚು ಕಡಿಮೆ ಹಾಗೇ ಉಳಿಯುತ್ತದೆ. ಆದ್ದರಿಂದ ಮಿನಿಯ ಹಿಂದಿನ ಚಕ್ರ ಕಣ್ಣಿಗೆ ಕಾಣುವಷ್ಟು ಒಳಗೆ ವಾಲಿದ್ದರೆ ಎತ್ತರವನ್ನು ಬಯ್ಯಬೇಡಿ. ಏನೋ ಸವೆದಿದೆ, ಇಲ್ಲ ಬಾಗಿದೆ, ಇಲ್ಲ ತಪ್ಪು ಜಾಗದಲ್ಲಿ ಕೂತಿದೆ.

ಅಳತೆ

ಯಂತ್ರದ ಅಲೈನ್‌ಮೆಂಟ್ ಇದ್ದರೆ ಒಳ್ಳೆಯದು, ನಾಲ್ಕೂ ಚಕ್ರ ಒಟ್ಟಿಗೆ ನೋಡುವಂಥದ್ದಾದರೆ ಮಾತ್ರ. ನಾವು ದಾರ ಕಟ್ಟಿ ಅಳೆದೆವು. ಹಳೆಯ ವಿಧಾನ, ತಾಳ್ಮೆ ಬೇಕು. ಆದರೆ ಪ್ರತಿ ಚಕ್ರದ ಲೆಕ್ಕ ಬೇರೆ ಬೇರೆಯಾಗಿ ಕೈಗೆ ಸಿಗುತ್ತದೆ.

ಮೊದಲು ನೆಲದ ಮಟ್ಟ ನೋಡಿ, ಓರೆ ಇದ್ದಷ್ಟನ್ನು ಬರೆದಿಟ್ಟುಕೊಂಡು ಕ್ಯಾಂಬರ್ ಅಳತೆಯಿಂದ ಕಳೆದೆವು. ನಾಲ್ಕೂ ಟೈರಿಗೆ ಸರಿಯಾದ ಗಾಳಿ ಹಾಕಿದೆವು. ಚಾಲಕನ ಸೀಟಿನಲ್ಲಿ ಮಾಲೀಕರ ತೂಕದಷ್ಟು ಭಾರ ಇಟ್ಟೆವು. ಇಷ್ಟು ಹಗುರವಾದ ಕಾರಿನಲ್ಲಿ ಒಬ್ಬ ಮನುಷ್ಯನ ತೂಕ ಸಣ್ಣ ಸಂಗತಿ ಅಲ್ಲ. ಆಮೇಲೆ ಕಾರನ್ನು ಹಿಂದೆ ಮುಂದೆ ಉರುಳಿಸಿ, ಹಿಂಬದಿಯನ್ನು ಕೈಯಲ್ಲಿ ಒತ್ತಿ ಒತ್ತಿ ಬಿಟ್ಟೆವು. ಜಾಕಿನಿಂದ ಇಳಿಸಿದ ತಕ್ಷಣ ಅಳೆಯಬಾರದು. ರಬ್ಬರ್ ಕೋನ್ ತನ್ನ ಎತ್ತರಕ್ಕೆ ಬಂದು ಕೂರಲು ಸಮಯ ತೆಗೆದುಕೊಳ್ಳುತ್ತದೆ, ಟೈರ್‌ಗಳೂ ನೆಲಕ್ಕೆ ಅಂಟಿಕೊಂಡು ಚಕ್ರವನ್ನು ಒತ್ತಿ ಹಿಡಿದಿರುತ್ತವೆ.

ಕಾರಿನ ಎರಡೂ ಬದಿಗೆ ಹಬ್ಬಿನ (ಚಕ್ರದ ನಡುಭಾಗದ) ಎತ್ತರದಲ್ಲಿ ಎರಡು ದಾರ. ಎರಡೂ ಒಂದಕ್ಕೊಂದು ಸಮಾನಾಂತರ. ಮಿನಿಯಲ್ಲಿ ಹಿಂದಿನ ಟ್ರ್ಯಾಕ್ (ಎಡ, ಬಲ ಚಕ್ರಗಳ ನಡುವಿನ ಅಂತರ) ಮುಂದಿನದಕ್ಕಿಂತ ಸುಮಾರು 4 ಸೆಂ.ಮೀ. ಕಡಿಮೆ. ಹಾಗಾಗಿ ದಾರ ಮುಂದಿನ ಹಬ್ಬಿನಿಂದ ಇರುವುದಕ್ಕಿಂತ ಹಿಂದಿನ ಹಬ್ಬಿನಿಂದ ಸುಮಾರು 2 ಸೆಂ.ಮೀ. ಜಾಸ್ತಿ ದೂರ ಇರಬೇಕು. ಇದನ್ನು ಮರೆತು ನಾಲ್ಕೂ ಕಡೆ ಒಂದೇ ದೂರ ಇಟ್ಟರೆ ದಾರ ಓರೆಯಾಗುತ್ತದೆ, ಅಳತೆ ಎಲ್ಲ ಸುಳ್ಳಾಗುತ್ತದೆ. ದಾರದಿಂದ ರಿಮ್ಮಿನ ಮುಂದಿನ ಅಂಚಿಗೆ ಎಷ್ಟು, ಹಿಂದಿನ ಅಂಚಿಗೆ ಎಷ್ಟು ಅಂತ ನೋಡಿದರೆ ಆ ಚಕ್ರದ ಟೋ ಸಿಗುತ್ತದೆ. ಹಳೆಯ ಸ್ಟೀಲ್ ರಿಮ್ ಒಂದಿಷ್ಟು ಸೊಟ್ಟ ಇದ್ದೇ ಇರುತ್ತದೆ. ಅದಕ್ಕೆ ಕಾರನ್ನು ಚಕ್ರದ ಅರ್ಧ ಸುತ್ತು ಉರುಳಿಸಿ ಮತ್ತೆ ಅಳೆದು, ಎರಡರ ಸರಾಸರಿ ತೆಗೆದುಕೊಳ್ಳಬೇಕು.

ಎರಡೂ ಬದಿಯ ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಕೂಡ ಅಳೆದೆವು. ಹೆಚ್ಚು ಕಡಿಮೆ ಸಮ ಇತ್ತು. ಸಬ್‌ಫ್ರೇಮ್ ಇಡಿಯಾಗಿ ಓರೆ ಕೂತಿಲ್ಲ ಅನ್ನುವುದು ಅಲ್ಲಿಗೆ ಖಚಿತವಾಯಿತು.

ಸಿಕ್ಕ ಅಳತೆ ಹೀಗಿತ್ತು. ಹಿಂದಿನ ಎಡ ಚಕ್ರ: ಕ್ಯಾಂಬರ್ ಮೈನಸ್ 1.5 ಡಿಗ್ರಿ, ಟೋ-ಔಟ್ 1 ಮಿ.ಮೀ. ಹಿಂದಿನ ಬಲ ಚಕ್ರ: ಕ್ಯಾಂಬರ್ ಪ್ಲಸ್ 0.25 ಡಿಗ್ರಿ, ಟೋ-ಇನ್ 4 ಮಿ.ಮೀ. ಕಾರ್ಖಾನೆಯ ಲೆಕ್ಕ ಸುಮಾರು 1 ಡಿಗ್ರಿ ಪಾಸಿಟಿವ್ ಕ್ಯಾಂಬರ್, ಎರಡೂ ಚಕ್ರ ಸೇರಿ 1/8 ಇಂಚು, ಅಂದರೆ 3.2 ಮಿ.ಮೀ. ಟೋ-ಇನ್.

ಈಗ ಕೂಡಿಸಿ ನೋಡಿ. ಬಲ 4 ಒಳಗೆ, ಎಡ 1 ಹೊರಗೆ. ಒಟ್ಟು ಟೋ-ಇನ್ 3 ಮಿ.ಮೀ. ಕೈಪಿಡಿಯಲ್ಲಿ ಇರುವುದಕ್ಕೆ ಸರಿಹೊಂದುವ ಸಂಖ್ಯೆ! ಹಿಂದಿನ ಎರಡು ಚಕ್ರಗಳ ನಡುವೆ ಟ್ರ್ಯಾಮೆಲ್ ಗೇಜ್ ಅನ್ನುವ ಅಳತೆ ಕೋಲು ಹಿಡಿದು ಅಳೆದವರು ಯಾರೇ ಆದರೂ "ಹಿಂದೆ ಸರಿ ಇದೆ" ಅಂತಲೇ ಹೇಳುತ್ತಾರೆ. ಬಹುಶಃ ಹಾಗೆಯೇ ಆಗಿದ್ದು. ಒಟ್ಟು ಸರಿ, ಹಂಚಿಕೆ ಪೂರ್ತಿ ತಪ್ಪು.

ಹಂಚಿಕೆ ತಪ್ಪಿದರೆ ಏನಾಗುತ್ತದೆ? ಎಡ ಚಕ್ರ ಎಡಕ್ಕೆ ನೋಡುತ್ತಿದೆ. ಬಲ ಚಕ್ರ ಒಳಗೆ, ಅಂದರೆ ಅದೂ ಎಡಕ್ಕೇ ನೋಡುತ್ತಿದೆ. ಎರಡರ ನಡುವಿನ ಗೆರೆಯೇ ಕಾರಿನ ಹಿಂಬದಿ ಹೋಗಬೇಕೆನ್ನುವ ದಾರಿ. ಇದನ್ನು ಥ್ರಸ್ಟ್ ಲೈನ್ ಅನ್ನುತ್ತಾರೆ. ಇಲ್ಲಿ ಅದು ಕಾರಿನ ನಡು ಗೆರೆಯಿಂದ ಎಡಕ್ಕೆ ಸುಮಾರು ಅರ್ಧ ಡಿಗ್ರಿ ತಿರುಗಿತ್ತು. ಹಿಂಬದಿ ಎಡಕ್ಕೆ ಎಳೆಯುತ್ತದೆ, ಮೂತಿ ಬಲಕ್ಕೆ ತಿರುಗುತ್ತದೆ, ಅದನ್ನು ತಡೆಯಲು ಚಾಲಕ ಸ್ಟೇರಿಂಗನ್ನು ಎಡಕ್ಕೆ ಹಿಡಿಯುತ್ತಾನೆ. ಕಾರು ಏಡಿಯ ಹಾಗೆ ಓರೆಯಾಗಿ ಹೋಗುತ್ತದೆ. ಮುಂದಿನ ಟೈ ರಾಡ್ ತಿರುಗಿಸಿ ಸ್ಟೇರಿಂಗ್ ಚಕ್ರವನ್ನು ನೇರ ಕೂರಿಸಬಹುದು. ಆದರೆ ಕಾರು ಓರೆ ಹೋಗುವುದು ನಿಲ್ಲುವುದಿಲ್ಲ, ರ‍್ಯಾಕ್ (ಸ್ಟೇರಿಂಗಿನ ಹಲ್ಲಿನ ಸರಳು) ಮಾತ್ರ ನಡುವಿನಿಂದ ಸರಿದು ಕೂರುತ್ತದೆ. ಹಿಂದಿನ ಸವೆತ ಜಾಸ್ತಿಯಾದಂತೆ ಥ್ರಸ್ಟ್ ಲೈನೂ ಸರಿಯುತ್ತಾ ಹೋಗುತ್ತದೆ, ಸ್ಟೇರಿಂಗ್ ಮತ್ತೆ ಎಡಕ್ಕೆ ಬರುತ್ತದೆ.

ಬಲ ತಿರುವಿನ ಜಾರಾಟಕ್ಕೂ ಇದೇ ಉತ್ತರ. ಬಲಕ್ಕೆ ತಿರುಗುವಾಗ ಭಾರವೆಲ್ಲ ಹಿಂದಿನ ಎಡ ಚಕ್ರದ ಮೇಲೆ. ಅದು ಹೊರಗೆ ನೋಡುತ್ತಿರುವುದರಿಂದ ಹಿಂಬದಿಯನ್ನು ಹೊರಗೆ ಒಯ್ಯುತ್ತದೆ. ಎಡಕ್ಕೆ ತಿರುಗುವಾಗ ಭಾರ ಹೊರುವುದು ಬಲ ಚಕ್ರ, ಅದು ಒಳಗೆ ನೋಡುತ್ತಿದೆ, ಕಾರು ಸ್ಥಿರವಾಗಿ ನಿಲ್ಲುತ್ತದೆ.

ಟೈರಿನ ಸವೆತಕ್ಕೆ ಮಾತ್ರ ಬೇರೆ ಕಾರಣ. ಕಾರು ತನ್ನ ಥ್ರಸ್ಟ್ ಲೈನ್ ಹಿಡಿದು ಓಡುವಾಗ ಹಿಂದಿನ ಎರಡೂ ಚಕ್ರ ಒಟ್ಟು ಟೋವನ್ನು ಸಮವಾಗಿ ಹಂಚಿಕೊಳ್ಳುತ್ತವೆ. ಅಂದರೆ ಇಲ್ಲಿ ತಲಾ 1.5 ಮಿ.ಮೀ. ಅಷ್ಟಕ್ಕೆ ಟೈರ್ ಹಾಳಾಗುವುದಿಲ್ಲ. ಎಡ ಟೈರಿನ ಒಳ ಅಂಚು ತಿಂದಿದ್ದು ಮುಖ್ಯವಾಗಿ ಕ್ಯಾಂಬರ್. ಸ್ಟೇರಿಂಗ್ ದೂರು ಟೋದ್ದು, ಟೈರ್ ದೂರು ಕ್ಯಾಂಬರಿನದ್ದು. ಎರಡನ್ನೂ ಒಂದೇ ರೋಗ ಅಂದುಕೊಂಡರೆ ಮದ್ದು ತಪ್ಪುತ್ತದೆ.

ಪ್ಲೇ (ಸಡಿಲ) ಎಲ್ಲಿದೆ?

ಹಿಂಬದಿಯನ್ನು ಎತ್ತಿ, ಸ್ಟ್ಯಾಂಡ್ ಮೇಲೆ ನಿಲ್ಲಿಸಿ, ಎಡ ಚಕ್ರದ ಮೇಲೆ ಒಂದು ಕೈ, ಕೆಳಗೆ ಒಂದು ಕೈ ಇಟ್ಟು ಅಲುಗಿಸಿದೆವು. ಟಕ್ ಟಕ್ ಅಂತ ಸಣ್ಣ ಶಬ್ದ. ಹೀಗಾದಾಗ ಎಲ್ಲರೂ ಮೊದಲು ವೀಲ್ ಬೇರಿಂಗ್ ಅನ್ನುತ್ತಾರೆ. ಒಬ್ಬರು ಚಕ್ರ ಅಲುಗಿಸುವಾಗ ಇನ್ನೊಬ್ಬರು ಬ್ರೇಕ್ ಒತ್ತಿ ಹಿಡಿಯಬೇಕು. ಆಗ ಡ್ರಮ್ಮು ಬ್ಯಾಕ್ ಪ್ಲೇಟಿಗೆ ಕಚ್ಚಿಕೊಳ್ಳುತ್ತದೆ, ವೀಲ್ ಬೇರಿಂಗಿನ ಪ್ಲೇ ಮಾಯವಾಗುತ್ತದೆ. ಆಗಲೂ ಅಲುಗಿದರೆ ಪ್ಲೇ ಇರುವುದು ಆರ್ಮಿನ ಬುಡದಲ್ಲಿ. ಇಲ್ಲಿ ಬ್ರೇಕ್ ಹಿಡಿದರೂ ಅಲುಗುತ್ತಿತ್ತು. ಬ್ರಾಕೆಟಿನ ಹತ್ತಿರ ಬೆರಳಿಟ್ಟರೆ ಶಾಫ್ಟಿನ ಮೇಲೆ ಆರ್ಮ್ ಕುಣಿಯುವುದು ಗೊತ್ತಾಗುತ್ತಿತ್ತು. ಬಲಗಡೆಯೂ ಇತ್ತು, ಕಡಿಮೆ.

ಸಬ್‌ಫ್ರೇಮ್ ಬಾಡಿಗೆ ಕೂರುವ ನಾಲ್ಕು ರಬ್ಬರ್ ಮೌಂಟುಗಳಲ್ಲಿ ಹಿಂದಿನ ಎರಡು ಬಿರಿದಿದ್ದವು. ಲಿವರ್ ಹಾಕಿ ಮೀಟಿದರೆ ಇಡೀ ಫ್ರೇಮ್ ಪಕ್ಕಕ್ಕೆ ಸರಿಯುತ್ತಿತ್ತು.

ಈ ಸ್ಥಿತಿಯಲ್ಲಿ ಹೊಸ ಬ್ರಾಕೆಟ್ ಹಾಕಿ ಅಂಕಿ ಸರಿಮಾಡುವುದು ಸಾಧ್ಯ. ನಿಂತ ಕಾರಿನ ಮೇಲೆ ಅಳತೆ ಚೆನ್ನಾಗಿಯೇ ಬರುತ್ತದೆ. ಆದರೆ ಕಾರು ನಿಂತಿದ್ದಾಗ ಪ್ಲೇ ಒಂದು ಕಡೆಗೆ ಒತ್ತಿಕೊಂಡಿರುತ್ತದೆ. ಬ್ರೇಕ್ ಹಿಡಿದಾಗ ಚಕ್ರ ಹಿಂದಕ್ಕೆ ಎಳೆಯಲ್ಪಟ್ಟು ಟೋ-ಔಟ್ ಕಡೆ ಹೋಗುತ್ತದೆ, ಬಿಟ್ಟಾಗ ವಾಪಸ್ ಬರುತ್ತದೆ. ನಾವು ಹೊಂದಿಸಿದ ಸಂಖ್ಯೆ ರಸ್ತೆಯಲ್ಲಿ ಇರುವುದೇ ಇಲ್ಲ. ಇದನ್ನು ಮಾಲೀಕರಿಗೆ ಚಕ್ರ ಅಲುಗಿಸಿಯೇ ತೋರಿಸಿದೆವು. ಡಬ್ಬ ಪಕ್ಕಕ್ಕೆ ಹೋಯಿತು.

ಬಿಚ್ಚಿದಾಗ ಕಂಡದ್ದು

ಆರ್ಮ್ ಬಿಚ್ಚಲು ಬ್ರೇಕ್ ಹೋಸ್, ಹ್ಯಾಂಡ್‌ಬ್ರೇಕ್ ಕೇಬಲ್, ಶಾಕ್ ಅಬ್ಸಾರ್ಬರ್ ಮೂರನ್ನೂ ಕಳಚಬೇಕು. ಶಾಕ್ ಅಬ್ಸಾರ್ಬರ್ ಕಳಚಿದ ಮೇಲೆ ಆರ್ಮ್ ಪೂರ್ತಿ ಕೆಳಗೆ ಜೋತು ಬೀಳುತ್ತದೆ, ಟ್ರಂಪೆಟ್ ತುದಿಯ ನಕ್ಕಲ್ ಜಾಯಿಂಟ್ (ಗುಂಡು ತಲೆಯ ಕೀಲು) ತನ್ನ ಕಪ್ಪಿನಿಂದ ಹೊರಬರುತ್ತದೆ. ಮತ್ತೆ ಜೋಡಿಸುವಾಗ ಅದು ಸರಿಯಾಗಿ ಕೂತಿದೆಯೇ ಅಂತ ನೋಡದಿದ್ದರೆ ಆ ಮೂಲೆ ಎತ್ತರ ನಿಂತುಬಿಡುತ್ತದೆ.

ಎಡಗಡೆಯ ಶಾಫ್ಟ್ ಸುಲಭಕ್ಕೆ ಬರಲಿಲ್ಲ. ಬಂದಾಗ ಅದರ ಮೇಲೆ ಗ್ರೀಸಿನ ಬದಲು ಕಂದು ಬಣ್ಣದ ಒಣ ಪುಡಿ. ಒರೆಸಿದರೆ ಒಂದು ತುದಿಯಲ್ಲಿ ಒತ್ತೊತ್ತಾಗಿ ಉದ್ದುದ್ದ ಗೆರೆಗಳು. ನೀಡಲ್ ರೋಲರ್ ಬೇರಿಂಗಿನ ಸೂಜಿಗಳು ಶಾಫ್ಟನ್ನು ಕೊರೆದು ಮಾಡಿದ ಗುರುತು. ಗೆರೆಗಳು ಸುತ್ತಲೂ ಇರಲಿಲ್ಲ, ಭಾರ ಬೀಳುವ ಒಂದೇ ಬದಿಯಲ್ಲಿ ಇದ್ದವು. ಉಗುರು ಎಳೆದರೆ ಪ್ರತಿ ಗೆರೆಯಲ್ಲೂ ಸಿಕ್ಕಿಕೊಳ್ಳುತ್ತಿತ್ತು. ಶಾಫ್ಟನ್ನು ಅರ್ಧ ಸುತ್ತು ತಿರುಗಿಸಿದರೆ ಆ ಬದಿ ಹೊಸದರ ಹಾಗೆ ಹೊಳೆಯುತ್ತಿತ್ತು. ಆರ್ಮ್ ಪೂರ್ತಿ ಸುತ್ತುವುದಿಲ್ಲ, ಕೆಲವೇ ಡಿಗ್ರಿ ಹಿಂದೆ ಮುಂದೆ ಆಡುತ್ತದೆ. ಅದಕ್ಕೇ ಪ್ರತಿ ಸೂಜಿಯೂ ಒಂದೇ ಜಾಗವನ್ನು ವರ್ಷಗಟ್ಟಲೆ ಉಜ್ಜುತ್ತದೆ. ಗ್ರೀಸ್ ಇದ್ದರೆ ಏನೂ ಆಗದು, ಇಲ್ಲದಿದ್ದರೆ ಹೀಗಾಗುತ್ತದೆ.

ಇನ್ನೊಂದು ತುದಿಯಲ್ಲಿ ಇರುವುದು ಕಂಚಿನ ಬುಷ್. ಅದು ಮೊಟ್ಟೆಯಾಕಾರಕ್ಕೆ ಸವೆದಿತ್ತು. ಶಾಫ್ಟಿನ ಹೊರ ತುದಿಯ ಗ್ರೀಸ್ ನಿಪ್ಪಲ್ ಮಣ್ಣು, ಪೇಂಟು ಸೇರಿ ಮುಚ್ಚಿಹೋಗಿತ್ತು. ಗನ್ ಹಚ್ಚಿದರೆ ಗ್ರೀಸು ಹೊರಗೇ ಚೆಲ್ಲುತ್ತಿತ್ತು, ಒಳಗೆ ಹೋಗುತ್ತಿರಲಿಲ್ಲ. ಹಳೆಯ ಬ್ರಾಕೆಟಿನ ತೂತು ಕೂಡ ಅಗಲವಾಗಿತ್ತು.

ಚಕ್ರ ಆರ್ಮಿನ ಹೊರಬದಿಗೆ ಇದೆ. ನೆಲ ಚಕ್ರವನ್ನು ಮೇಲೆ ಒತ್ತಿದಾಗ ಆರ್ಮ್ ತಿರುಚಿ ಚಕ್ರದ ತಲೆ ಒಳಗೆ ಬಾಗಲು ನೋಡುತ್ತದೆ. ಬೇರಿಂಗ್ ಸವೆದರೆ ಬಾಗಿಯೇಬಿಡುತ್ತದೆ. ಎಡ ಚಕ್ರದ ಮೈನಸ್ 1.5 ಡಿಗ್ರಿಯ ಬಹುಪಾಲು ಬಂದಿದ್ದು ಇಲ್ಲಿಂದ.

ಮೊದಲ ಹಂತ: ಸವೆದದ್ದನ್ನೆಲ್ಲ ಬದಲಾಯಿಸಿದ್ದು

ಎರಡೂ ಆರ್ಮಿಗೆ ಹೊಸ ಶಾಫ್ಟ್, ನೀಡಲ್ ಬೇರಿಂಗ್, ಕಂಚಿನ ಬುಷ್, ಥ್ರಸ್ಟ್ ವಾಷರ್, ಸೀಲ್ ಹಾಕಿದೆವು. ಬಲಗಡೆ ಅಷ್ಟು ಕೆಟ್ಟಿರಲಿಲ್ಲ. ಆದರೂ ಒಂದು ಬದಿ ಹೊಸದು, ಒಂದು ಬದಿ ಹಳೆಯದು ಇಟ್ಟುಕೊಂಡು ಅಲೈನ್‌ಮೆಂಟ್ ಮಾಡುವುದರಲ್ಲಿ ಅರ್ಥ ಇಲ್ಲ.

ಈ ಕೆಲಸದಲ್ಲಿ ಎಡವುವ ಜಾಗ ಕಂಚಿನ ಬುಷ್. ಅದನ್ನು ಒತ್ತಿ ಕೂರಿಸಿದ ಮೇಲೆ ಒಳ ಅಳತೆ ಸ್ವಲ್ಪ ಕುಗ್ಗುತ್ತದೆ. ರೀಮರ್ (ತೂತನ್ನು ನಯವಾಗಿ ಹಿಗ್ಗಿಸುವ ಉಪಕರಣ) ಹಾಕಿ ಶಾಫ್ಟಿನ ಅಳತೆಗೆ ತರಬೇಕು. ಸುಮ್ನೆ ಕೈಯಲ್ಲಿ ರೀಮರ್ ತಿರುಗಿಸಿದರೆ ತೂತು ಓರೆ ಆಗಬಹುದು. ಆಚೆ ತುದಿಯ ಬೇರಿಂಗಿನಲ್ಲಿ ರೀಮರಿನ ಪೈಲಟ್ (ದಾರಿ ತೋರುವ ತುದಿ) ಕೂತು, ಎರಡೂ ತುದಿ ಒಂದೇ ಗೆರೆಯಲ್ಲಿ ಬರುವ ಹಾಗೆ ಕತ್ತರಿಸಬೇಕು. ಇದಕ್ಕೆ ಉಪಕರಣ ಇಲ್ಲದವರು ಆರ್ಮನ್ನು ಮಷಿನ್ ಶಾಪಿಗೆ ಕೊಡುವುದು ಅಥವಾ ಪೂರ್ತಿ ಸಿದ್ಧವಾದ ಆರ್ಮ್ ತರುವುದು ವಾಸಿ. ಓರೆ ರೀಮ್ ಆದ ಬುಷ್ ಹೊಸ ಶಾಫ್ಟನ್ನು ಬೇಗ ತಿನ್ನುತ್ತದೆ. ಜೋಡಿಸಿದ ಮೇಲೆ ಆರ್ಮನ್ನು ಎತ್ತಿ ಬಿಟ್ಟರೆ ತನ್ನ ಭಾರಕ್ಕೇ ನಯವಾಗಿ ಇಳಿಯಬೇಕು, ಪಕ್ಕಕ್ಕೆ ಅಲುಗಬಾರದು. ನಮ್ಮ ಎರಡೂ ಆರ್ಮ್ ಹಾಗೆ ಇಳಿದವು.

ನೀಡಲ್ ಬೇರಿಂಗಿಗೂ ಬುಷ್‌ಗೂ ನಡುವೆ ಆರ್ಮಿನೊಳಗೆ ಒಂದು ಪ್ಲಾಸ್ಟಿಕ್ ಕೊಳವೆ ಇರುತ್ತದೆ. ಗ್ರೀಸ್ ಆರ್ಮಿನ ಖಾಲಿ ಹೊಟ್ಟೆ ಸೇರದೆ ಬೇರಿಂಗಿಗೆ ತಲುಪಲು ಅದು ಬೇಕು. ಹಳೆಯದು ಒಡೆದಿದ್ದರೆ ಅದನ್ನೂ ಬದಲಾಯಿಸಿ, ಬಿಡಬೇಡಿ.

ಸಬ್‌ಫ್ರೇಮಿಗೆ ನಾಲ್ಕೂ ಹೊಸ ಮೌಂಟ್. ಪಾಲಿಯುರೆಥೇನ್ ಹಾಕೋಣವೇ ಅಂತ ಮಾಲೀಕರು ಕೇಳಿದರು. ರೇಸಿಗೆ ಹೋಗುವ ಕಾರಾದರೆ ಹೂಂ. ರಸ್ತೆ ಕಾರಿಗೆ ಒಳ್ಳೆಯ ರಬ್ಬರ್ ಸಾಕು ಅನ್ನುವುದು ನನ್ನ ಅಭಿಪ್ರಾಯ. ಪಾಲಿಯುರೆಥೇನ್ ಫ್ರೇಮನ್ನು ಗಟ್ಟಿ ಹಿಡಿಯುತ್ತದೆ, ಜೊತೆಗೆ ರಸ್ತೆಯ ಸದ್ದನ್ನೆಲ್ಲ ಒಳಗೆ ತರುತ್ತದೆ. ನಕ್ಕಲ್ ಜಾಯಿಂಟುಗಳೂ ಹೊಸವು.

ಈ ಹಂತದಲ್ಲಿ ಮತ್ತೆ ಅಳೆದೆವು, ಹಳೆಯ ತರಹದ ಮಾಮೂಲಿ ಬ್ರಾಕೆಟ್ ಹಾಕಿಯೇ. ಎಡ: ಕ್ಯಾಂಬರ್ ಮೈನಸ್ 0.25, ಟೋ-ಇನ್ 1 ಮಿ.ಮೀ. ಬಲ: ಕ್ಯಾಂಬರ್ ಪ್ಲಸ್ 0.5, ಟೋ-ಇನ್ 4.5 ಮಿ.ಮೀ.

ಒಟ್ಟು ಟೋ-ಇನ್ ಈಗ 5.5 ಮಿ.ಮೀ. ಕೈಪಿಡಿಯ ಲೆಕ್ಕದಲ್ಲಿ ಕಾರು ಮೊದಲಿಗಿಂತ ಕೆಟ್ಟಿದೆ! ಓಡಿಸಿ ನೋಡಿದರೆ ಎಷ್ಟೋ ಉತ್ತಮ. ಬಲ ತಿರುವಿನ ಜಾರಾಟ ಹೆಚ್ಚು ಕಡಿಮೆ ಹೋಗಿತ್ತು, ಬ್ರೇಕ್ ಹಿಡಿದಾಗ ಹಿಂಬದಿ ಅಲುಗುತ್ತಿರಲಿಲ್ಲ. ಸ್ಟೇರಿಂಗ್ ಮಾತ್ರ ಇನ್ನೂ ಎಡಕ್ಕೇ ಇತ್ತು.

ಉಳಿದಿದ್ದು ಸವೆತ ಅಲ್ಲ, ಸಬ್‌ಫ್ರೇಮಿನ ಅಳತೆ. ಬಲಗಡೆ ಬ್ರಾಕೆಟ್ ಕೂರುವ ಮುಖ ಎಡಗಡೆಯದಕ್ಕೆ ಹೊಂದುತ್ತಿರಲಿಲ್ಲ, ಶಾಫ್ಟಿನ ಹೊರ ತುದಿ ಬೇಕಾದ್ದಕ್ಕಿಂತ ಮುಂದೆ ಕೂರುತ್ತಿತ್ತು. ಶಾಫ್ಟ್ ಚಿಕ್ಕದು. ಹಾಗಾಗಿ ಅದರ ತುದಿ ಒಂದೆರಡು ಮಿಲಿಮೀಟರ್ ಸರಿದರೂ ಚಕ್ರದ ಕೋನ ಬಹಳ ಬದಲಾಗುತ್ತದೆ. ಫ್ರೇಮ್ ಒಳ್ಳೆಯ ಸ್ಥಿತಿಯಲ್ಲಿದೆ, ತುಕ್ಕಿಲ್ಲ, ಬಿರುಕಿಲ್ಲ. ಇದನ್ನು ತೆಗೆದು ಇನ್ನೊಂದು ಹಾಕಿದರೆ ಅದರ ಅಳತೆ ಹೇಗಿರುತ್ತದೋ. ಮಾಲೀಕರ ಡಬ್ಬ ತೆರೆಯುವ ಸಮಯ ಈಗ ಬಂತು.

ಎರಡನೆಯ ಹಂತ: ಅಡ್ಜಸ್ಟ್ ಆಗುವ ಬ್ರಾಕೆಟ್

ಈ ಬ್ರಾಕೆಟುಗಳಲ್ಲಿ ಹಲವು ಬಗೆ ಇವೆ. ಕೆಲವು ಬರೀ ಉದ್ದ ಸೀಳಿರುವ ತಟ್ಟೆ, ನಟ್ಟಿನ ಬಿಗಿತವೊಂದೇ ಆಧಾರ. ಗುಂಡಿಗೆ ಬಿದ್ದ ಹೊಡೆತಕ್ಕೆ ಅಂಥದ್ದು ಜಾರಬಹುದು. ನನಗೆ ಅದು ಇಷ್ಟವಿಲ್ಲ. ಹಲ್ಲು ಕಚ್ಚಿ ಕೂರುವಂಥದ್ದು ಅಥವಾ ಸ್ಕ್ರೂ ತಿರುಗಿಸಿ ಸರಿಸಿ, ಲಾಕ್ ನಟ್ಟಿನಿಂದ ಕಟ್ಟುವಂಥದ್ದು ಬೇಕು. ಇವರು ತಂದಿದ್ದು ಸ್ಕ್ರೂ ಇರುವ ಬಗೆ. ಟೋ, ಕ್ಯಾಂಬರ್ ಎರಡಕ್ಕೂ ಬೇರೆ ಬೇರೆ ಸ್ಕ್ರೂ ಇತ್ತು. ಅದು ದೊಡ್ಡ ಅನುಕೂಲ, ಒಂದನ್ನು ತಿದ್ದಿದರೆ ಇನ್ನೊಂದು ಪೂರ್ತಿ ಕದಲುವುದಿಲ್ಲ.

ಬ್ರಾಕೆಟ್ ಕೂರುವ ಮುಖದ ದಪ್ಪ ಪೇಂಟ್ ಕೆರೆದೆವು. ಪೇಂಟಿನ ಮೇಲೆ ಬಿಗಿದ ಬೋಲ್ಟ್ ಆಮೇಲೆ ಸಡಿಲವಾಗುತ್ತದೆ. ಹೊಸ ಬೋಲ್ಟುಗಳನ್ನು ಕೈಯಲ್ಲಿ ಕೊನೆವರೆಗೆ ತಿರುಗಿಸಿ, ಎಳೆ ಸರಿ ಇದೆಯೇ ಅಂತ ನೋಡಿ, ಆಮೇಲಷ್ಟೇ ಟಾರ್ಕ್ ರೆಂಚ್ ಹಚ್ಚಿದ್ದು. ಕಾರು ನೆಲದ ಮೇಲೆ ನಿಂತಾಗಲೂ ಸ್ಕ್ರೂಗಳಿಗೆ ಸ್ಪ್ಯಾನರ್ ಎಟುಕುತ್ತದೆಯೇ ಅಂತ ಮೊದಲೇ ಪರೀಕ್ಷಿಸಿದೆವು.

ಅಡ್ಜಸ್ಟ್ ಮಾಡುವ ಮುಂಚೆ ಎತ್ತರ. ಬಲ ಹಿಂಬದಿ ಎಡಕ್ಕಿಂತ ತಗ್ಗಿತ್ತು. ಹಳೆಯ ಕೋನ್ ಕುಸಿದಿತ್ತು. ಮಿನಿಯ ಹಿಂಬದಿಯಲ್ಲಿ ಲಿವರ್ ಅನುಪಾತ ಸುಮಾರು 5ಕ್ಕೆ 1. ಟ್ರಂಪೆಟ್ ಕಡೆ 1 ಮಿ.ಮೀ. ಕೊಟ್ಟರೆ ಚಕ್ರದ ಬಳಿ ಸುಮಾರು 5 ಮಿ.ಮೀ. ಏರುತ್ತದೆ. ಹಾಗಾಗಿ ವಾಷರ್ ಹಾಕುವಾಗ ಕೈ ಬಿಗಿ ಇರಬೇಕು. ಕೋನ್ ಎರಡನ್ನೂ ಬದಲಾಯಿಸಿದೆವು. ಹೊಸ ಕೋನ್ ಮೊದಮೊದಲು ಎತ್ತರ ನಿಲ್ಲುತ್ತದೆ, ಓಡಿದಂತೆ ಕುಸಿದು ತನ್ನ ಮಟ್ಟಕ್ಕೆ ಬರುತ್ತದೆ. ಅದಕ್ಕಾಗಿ ಅಂದಾಜಿಗೆ ಒಂದು ಅಲೈನ್‌ಮೆಂಟ್ ಮಾಡಿ ಕಾರನ್ನು ಓಡಿಸಲು ಕೊಟ್ಟೆವು. ಅಂತಿಮ ಅಳತೆ ಕೋನ್ ಕೂತ ಮೇಲೆ.

ಗುರಿ ಯಾವುದು? ಟೋ ವಿಷಯದಲ್ಲಿ ಕಾರ್ಖಾನೆಯ ಮಾತು ಇವತ್ತಿಗೂ ಸರಿ: ಒಟ್ಟು 3 ಮಿ.ಮೀ., ತಲಾ 1.5. ಹಿಂದಿನ ಟೋ-ಇನ್ ಮಿನಿಯನ್ನು ನೇರ ಓಡಿಸುತ್ತದೆ. ಹಿಂಬದಿ ಚುರುಕಾಗಲಿ ಅಂತ ಅದನ್ನು ಸೊನ್ನೆಗೆ ತರುವವರಿದ್ದಾರೆ, ಮನೆಮಂದಿ ಕೂರುವ ಕಾರಿಗೆ ಅದು ಬೇಡವೇ ಬೇಡ. ಕ್ಯಾಂಬರ್ ವಿಷಯ ಬೇರೆ. ಕಾರ್ಖಾನೆಯ 1 ಡಿಗ್ರಿ ಪಾಸಿಟಿವ್ ಹಳೆಯ ಕಾಲದ ತೆಳು ಟೈರುಗಳ ಲೆಕ್ಕ. ಇವತ್ತಿನ ರೇಡಿಯಲ್ ಟೈರಿಗೆ ಸೊನ್ನೆಯಿಂದ ಮೈನಸ್ ಅರ್ಧ ಡಿಗ್ರಿ ಚೆನ್ನಾಗಿ ಒಪ್ಪುತ್ತದೆ. ತಿರುವಿನಲ್ಲಿ ಬಾಡಿ ವಾಲಿದಾಗ ಟ್ರೇಲಿಂಗ್ ಆರ್ಮಿನ ಚಕ್ರವೂ ಅಷ್ಟೇ ವಾಲುತ್ತದೆ, ಅದಕ್ಕೆ ತುಸು ನೆಗೆಟಿವ್ ಇದ್ದರೆ ಟೈರ್ ನೆಲಕ್ಕೆ ಸಮ ಕೂರುತ್ತದೆ. ಅದಕ್ಕಿಂತ ಜಾಸ್ತಿ ಕೊಟ್ಟರೆ ರಸ್ತೆ ಕಾರಿನಲ್ಲಿ ಒಳ ಅಂಚು ಮತ್ತೆ ಸವೆಯುತ್ತದೆ, ಅಲ್ವಾ? ನಾವು ಎರಡೂ ಕಡೆ ಮೈನಸ್ 0.5 ಇಟ್ಟೆವು.

ಕ್ರಮ ಹೀಗೆ: ಮೊದಲು ಕ್ಯಾಂಬರ್, ಆಮೇಲೆ ಟೋ. ಪ್ರತಿ ಬದಲಾವಣೆಯಾದ ಮೇಲೂ ಕಾರನ್ನು ಉರುಳಿಸಿ ಮತ್ತೆ ಅಳೆಯುವುದು. ಲಾಕ್ ನಟ್ ಬಿಗಿಯುವಾಗ ಸೆಟಿಂಗ್ ಅರ್ಧ ಮಿಲಿಮೀಟರ್ ಕದಲುವುದು ಸಾಮಾನ್ಯ, ಬಿಗಿದ ಮೇಲಿನ ಅಳತೆಯೇ ನಿಜವಾದ ಅಳತೆ. ಬೇಸರದ ಕೆಲಸ, ಆದರೆ ಅವಸರ ಮಾಡುವ ಹಾಗಿಲ್ಲ. ಕೊನೆಗೆ ಎಡ, ಬಲ ಎರಡೂ ಟೋ-ಇನ್ 1.5 ಮಿ.ಮೀ.ಗೆ ಬಂದವು. ಥ್ರಸ್ಟ್ ಲೈನ್ ಕಾರಿನ ನಡು ಗೆರೆಯ ಮೇಲೆ ಕೂತಿತು.

ಆಮೇಲೆ ಮುಂದಿನ ಚಕ್ರ. ರ‍್ಯಾಕನ್ನು ನಡುವಿಗೆ ತಂದು, ಟೈ ರಾಡ್ ಎರಡೂ ಕಡೆ ಸಮ ಉದ್ದ ಮಾಡಿ, ಮುಂದೆ ಕೈಪಿಡಿಯ ಪ್ರಕಾರ 1/16 ಇಂಚು, ಅಂದರೆ 1.6 ಮಿ.ಮೀ. ಟೋ-ಔಟ್ ಇಟ್ಟೆವು. ಮುಂದಿನ ಚಕ್ರ ಎಳೆಯುವ ಕಾರು ಇದು, ಓಡುವಾಗ ಚಕ್ರಗಳು ತಾವಾಗಿ ಒಳಗೆ ಬರಲು ನೋಡುತ್ತವೆ. ಹಿಂದಿನ ದುರಸ್ತಿಗಳಲ್ಲಿ ಒಂದು ಟೈ ರಾಡ್ ಇನ್ನೊಂದಕ್ಕಿಂತ ಹಲವು ಎಳೆ ಉದ್ದವಾಗಿಬಿಟ್ಟಿತ್ತು. ಮುಂದೆ ಮಾಡಿದ ತಿದ್ದುಪಡಿಗಳೆಲ್ಲ ಹಿಂದಿನ ತಪ್ಪನ್ನು ಮುಚ್ಚಲು ಅನ್ನುವುದಕ್ಕೆ ಅದೇ ಸಾಕ್ಷಿ.

ರಸ್ತೆಯಲ್ಲಿ

ಸ್ಟೇರಿಂಗ್ ನೇರ, ಕಾರು ನೇರ. ಎಡಕ್ಕೂ ಬಲಕ್ಕೂ ಒಂದೇ ರೀತಿ ತಿರುಗುತ್ತದೆ. ಮಾಲೀಕರು ಹೇಳಿದ್ದು ಇಷ್ಟು: "ಈಗ ಬಲಕ್ಕೆ ತಿರುಗುವಾಗ ಹಿಂದೆ ಏನಾಗುತ್ತೆ ಅಂತ ಯೋಚನೆ ಮಾಡೋದೇ ಬಿಟ್ಟಿದೀನಿ ಸಾರ್."

ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಕಾರನ್ನು ಮತ್ತೆ ದಾರದ ನಡುವೆ ನಿಲ್ಲಿಸಿದೆವು. ಕ್ಯಾಂಬರ್ ಹಾಗೇ ಇತ್ತು. ಬಲಗಡೆ ಟೋ ಅರ್ಧ ಮಿಲಿಮೀಟರಿಗಿಂತ ಕಡಿಮೆ ಸರಿದಿತ್ತು, ತಿದ್ದಿದೆವು. ಬ್ರಾಕೆಟಿನ ಮೇಲೆ ಪೇಂಟಿನ ಗೆರೆ ಎಳೆದು ಬಿಟ್ಟಿದ್ದೇವೆ. ಸ್ಕ್ರೂ ತಿರುಗಿದರೆ ಗೆರೆ ಮುರಿದು ಕಾಣುತ್ತದೆ, ಪ್ರತಿ ಸಲ ದಾರ ಕಟ್ಟುವ ಅಗತ್ಯ ಇಲ್ಲ. ಎಡ ಟೈರ್ ಹೊಸದು ಹಾಕಿದ್ದರಿಂದ ಅದರ ಒಳ ಅಂಚು, ನಡು, ಹೊರ ಅಂಚು ಮೂರೂ ಕಡೆ ಆಳ ಅಳೆದು ಬರೆದಿಟ್ಟಿದ್ದೇವೆ. ಆಮೇಲಿನ ತಪಾಸಣೆಯಲ್ಲಿ ಮೂರೂ ಸಮವಾಗಿಯೇ ಇಳಿದಿದ್ದವು.

ಅಡ್ಜಸ್ಟ್ ಆಗುವ ಬ್ರಾಕೆಟ್ ಎಲ್ಲ ಮಿನಿಗೂ ಬೇಕಾ? ಬೇಕಿಲ್ಲ. ಮೂಲ ಸಬ್‌ಫ್ರೇಮ್ ನೆಟ್ಟಗಿದ್ದು, ಬೇರಿಂಗ್ ಬದಲಾಯಿಸಿದ ಮೇಲೆ ಎರಡೂ ಚಕ್ರದ ಟೋ ಸಮ ಬಂದರೆ ಒಂದೆರಡು ಶಿಮ್ಮಿನಲ್ಲಿ ಕೆಲಸ ಮುಗಿಯುತ್ತದೆ. ಈ ಕಾರಿನ ಫ್ರೇಮ್ ಅಳತೆ ತಪ್ಪಿತ್ತು, ಅದಕ್ಕೆ ಬ್ರಾಕೆಟ್ ಬೇಕಾಯಿತು. ಆ ತೀರ್ಮಾನಕ್ಕೆ ಬರಲು ಆಧಾರ ಸಿಕ್ಕಿದ್ದು ಮೊದಲ ಹಂತ ಮುಗಿದ ಮೇಲಿನ ಅಳತೆಯಿಂದ. ಎರಡು ಹಂತವನ್ನೂ ಒಂದೇ ಸಲ ಮಾಡಿಬಿಟ್ಟಿದ್ದರೆ ಯಾವುದರಿಂದ ಏನು ಸರಿಯಾಯಿತು ಅಂತ ತಿಳಿಯುತ್ತಿರಲಿಲ್ಲ.

ಗ್ರೀಸ್ ವಿಷಯ ಮಾಲೀಕರಿಗೆ ಬರೆದುಕೊಟ್ಟಿದ್ದೇವೆ. ಕೆಲವು ಸಾವಿರ ಕಿಲೋಮೀಟರಿಗೊಮ್ಮೆ, ಮಳೆಯಲ್ಲಿ ಜಾಸ್ತಿ ಓಡಿಸಿದರೆ ಅದಕ್ಕೂ ಮುಂಚೆ, ಎರಡೂ ನಿಪ್ಪಲ್ ಒರೆಸಿ ಗನ್ ಹಚ್ಚಬೇಕು. ಸೀಲಿನ ಅಂಚಿನಿಂದ ಹೊಸ ಗ್ರೀಸ್ ಇಣುಕುವ ತನಕ ಒತ್ತಬೇಕು. ಇಣುಕದಿದ್ದರೆ ನಿಪ್ಪಲ್ ಕಟ್ಟಿದೆ ಅಂತ ಅರ್ಥ, ಬಿಚ್ಚಿ ಬದಲಾಯಿಸಬೇಕು.

ಮುಂದಿನ ಎಡ, ಬಲ ಚಕ್ರಗಳ ಕ್ಯಾಂಬರಿನಲ್ಲಿ ಇನ್ನೂ ಸ್ವಲ್ಪ ವ್ಯತ್ಯಾಸ ಇದೆ. ಅದಕ್ಕೂ ಅಡ್ಜಸ್ಟ್ ಆಗುವ ಲೋಯರ್ ಆರ್ಮ್ ಸಿಗುತ್ತದೆ, ಹಾಕಿಸೋಣವೇ ಅಂತ ಮಾಲೀಕರು ಕೇಳಿದ್ದಾರೆ. ಮುಂದಿನ ಟೈರುಗಳು ಸಮವಾಗಿ ಸವೆಯುತ್ತಿವೆ, ಕಾರು ಯಾವ ಕಡೆಗೂ ಎಳೆಯುತ್ತಿಲ್ಲ. ಸದ್ಯಕ್ಕೆ ಬೇಡ ಅಂದಿದ್ದೇನೆ. ಮುಂದಿನ ಸರ್ವೀಸಿಗೆ ಬಂದಾಗ ಲೋಯರ್ ಆರ್ಮಿನ ಬುಷ್ ಮತ್ತು ಬಾಲ್ ಜಾಯಿಂಟ್ ಮೊದಲು ನೋಡುತ್ತೇವೆ.